ಕೃತಕ ಡಿಸ್ಕ್ ಹಾಕಿದ ಕತ್ತಿನಲ್ಲಿ ಬೇಡದ ಮೂಳೆ ಬೆಳೆದಾಗ

ಕತ್ತಿನಲ್ಲಿ ಹಾಳಾದ ಡಿಸ್ಕ್ ತೆಗೆದು ಕೃತಕ ಡಿಸ್ಕ್ ಕೂರಿಸುವುದು ಮುಖ್ಯವಾಗಿ ಒಂದೇ ಆಸೆಯಿಂದ. ಆ ಜಾಗ ಮುಂದೆಯೂ ಅಲುಗಾಡುತ್ತಿರಬೇಕು. ನರದ ಮೇಲಿನ ಒತ್ತಡ ತೆಗೆಯುವುದಷ್ಟೇ ಗುರಿಯಾಗಿದ್ದರೆ ಎರಡು ಮೂಳೆಗಳನ್ನು ಬೆಸೆದು ಮುಗಿಸಬಹುದಿತ್ತು. ಆ ಆಪರೇಷನ್ 1950ರ ದಶಕದಿಂದ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚಲನೆ ಉಳಿಯಲಿ ಅಂತಲೇ ಜನ ಕೃತಕ ಡಿಸ್ಕ್ ಹಾಕಿಸಿಕೊಳ್ಳುತ್ತಾರೆ. ಒಂದೆರಡು ವರ್ಷ ಬಿಟ್ಟು ಎಕ್ಸ್‌ರೇ ತೆಗೆದಾಗ ಕೆಲವರಲ್ಲಿ ಆ ಡಿಸ್ಕಿನ ಅಂಚಿನಲ್ಲಿ ಹೊಸ ಮೂಳೆ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ಅದು ಮೇಲಿನ ಮೂಳೆಯಿಂದ ಕೆಳಗಿನ ಮೂಳೆವರೆಗೆ ಬೆಳೆದು, ನಡುವಿನ ಡಿಸ್ಕನ್ನು ಅಲುಗದ ಹಾಗೆ ಕಟ್ಟಿಹಾಕಿರುತ್ತದೆ. ಯಾವುದು ಬೇಡ ಅಂತ ಇಷ್ಟೆಲ್ಲ ಮಾಡಿದ್ದೋ ಅದನ್ನೇ ದೇಹ ತಾನಾಗಿ ಮಾಡಿಕೊಂಡಿದೆ.

ರಿಪೋರ್ಟಿನಲ್ಲಿ ಇದಕ್ಕೆ ಹೆಟೆರೊಟೊಪಿಕ್ ಆಸಿಫಿಕೇಶನ್ ಎಂದು ಬರೆದಿರುತ್ತಾರೆ, ಚುಟುಕಾಗಿ ಎಚ್‌ಓ. ಮೂಳೆ ಇರಬಾರದ ಕಡೆ ಮೂಳೆ ಹುಟ್ಟಿದೆ ಎಂದರ್ಥ. ಓದಿದವರಿಗೆ ಮೊದಲು ಬರುವುದು ಹೆದರಿಕೆ. ಇದು ಗಡ್ಡೆಯಾ? ಕ್ಯಾನ್ಸರಾ? ಆಪರೇಷನ್ ಕೆಟ್ಟುಹೋಯಿತಾ? ಮತ್ತೆ ಕೊಯ್ಯಬೇಕಾ? ಮೊದಲ ಎರಡಕ್ಕೆ ಉತ್ತರ ‘ಅಲ್ಲ’. ಕೊನೆಯ ಎರಡಕ್ಕೂ ಹೆಚ್ಚಿನವರ ಪಾಲಿಗೆ ಉತ್ತರ ‘ಇಲ್ಲ’. ಹೆಚ್ಚಿನವರ ಪಾಲಿಗೆ ಅಂದೆ, ಎಲ್ಲರ ಪಾಲಿಗೆ ಅಲ್ಲ. ಆ ವ್ಯತ್ಯಾಸ ಎಲ್ಲಿದೆ ಅನ್ನುವುದೇ ತಿಳಿದುಕೊಳ್ಳಬೇಕಾದ ವಿಷಯ.

ಕತ್ತಿನಲ್ಲಿ ಏಳು ಮೂಳೆಗಳಿವೆ. ಮೇಲಿನಿಂದ ಸಿ1, ಸಿ2 ಎಂದು ಸಿ7ರವರೆಗೆ ಎಣಿಸುತ್ತಾರೆ. ಮೊದಲ ಎರಡರ ನಡುವೆ ಡಿಸ್ಕ್ ಇಲ್ಲ, ಅಲ್ಲಿಂದ ಕೆಳಗೆ ಪ್ರತಿ ಜೋಡಿಯ ನಡುವೆ ಒಂದೊಂದು ಇದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರಿನಂಶ ತುಂಬಿದ ಮೆದು ತಿರುಳು. ಜಾಸ್ತಿ ಸವೆಯುವುದು ಸಿ5-ಸಿ6 ಮತ್ತು ಸಿ6-ಸಿ7ರ ನಡುವಿನವು. ಡಿಸ್ಕ್ ಹಿಂದಕ್ಕೆ ಉಬ್ಬಿ ನರವನ್ನು ಒತ್ತಿದರೆ ನೋವು ಕತ್ತಿನಲ್ಲಿ ನಿಲ್ಲುವುದಿಲ್ಲ, ತೋಳಿಗೆ ಇಳಿಯುತ್ತದೆ. ಬೆರಳು ಜೋಮು ಹಿಡಿಯುತ್ತದೆ, ಕೈಯಲ್ಲಿ ಬಲ ಕಡಿಮೆಯಾಗುತ್ತದೆ. ಬೆನ್ನುಹುರಿಯನ್ನೇ ಒತ್ತಿದರೆ ಅಂಗಿಗೆ ಗುಂಡಿ ಹಾಕುವುದು, ಬರೆಯುವುದು, ನಡೆಯುವುದು ಎಲ್ಲ ತಡವರಿಸತೊಡಗುತ್ತದೆ. ನಮ್ಮ ಕಡೆ ‘ಸ್ಪಾಂಡಿಲೈಟಿಸ್’ ಅನ್ನುವ ಒಂದೇ ಹೆಸರಿನಲ್ಲಿ ಇವೆಲ್ಲ ಸೇರಿಹೋಗುತ್ತವೆ. ಬರೀ ಕತ್ತು ನೋವಿಗೆ ಆಪರೇಷನ್ ಬೇಕಾಗುವುದು ಅಪರೂಪ. ತೋಳಿಗಿಳಿದ ನೋವು ಕೂಡ ಬಹಳ ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ.

ಕಡಿಮೆಯಾಗದವರಿಗೆ ಕತ್ತಿನ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ಮೂಳೆಯ ತುಂಡನ್ನೋ ಕೇಜ್ ಎಂಬ ಪುಟ್ಟ ಚೌಕಟ್ಟನ್ನೋ ಇಟ್ಟು, ಸಾಮಾನ್ಯವಾಗಿ ಪ್ಲೇಟ್ ಮತ್ತು ಸ್ಕ್ರೂ ಹಾಕುತ್ತಾರೆ. ಕೆಲವು ತಿಂಗಳಲ್ಲಿ ಎರಡು ಮೂಳೆಗಳು ಒಂದಾಗುತ್ತವೆ. ಇದು ಫ್ಯೂಷನ್. ಇದರ ಮೇಲಿರುವ ದೊಡ್ಡ ದೂರು ಪಕ್ಕದ ಡಿಸ್ಕುಗಳದ್ದು. ಒಂದು ಕಡೆ ಚಲನೆ ನಿಂತರೆ ಅದರ ಮೇಲಿನದೂ ಕೆಳಗಿನದೂ ಹೆಚ್ಚು ದುಡಿಯಬೇಕು, ಬೇಗ ಸವೆಯುತ್ತವೆ ಅನ್ನುವ ಅನುಮಾನ. 1999ರಲ್ಲಿ ಅಮೆರಿಕದ ಅಲನ್ ಹಿಲಿಬ್ರಾಂಡ್ ಮತ್ತು ಅವರ ಸಂಗಡಿಗರು 374 ರೋಗಿಗಳ ಲೆಕ್ಕ ಪ್ರಕಟಿಸಿದರು. ಆಪರೇಷನ್ ಆದವರಲ್ಲಿ ವರ್ಷಕ್ಕೆ ಸರಾಸರಿ ಶೇ 2.9ರಷ್ಟು ಜನರಿಗೆ ಪಕ್ಕದ ಡಿಸ್ಕಿನಿಂದ ಹೊಸ ತೊಂದರೆ ಕಾಣಿಸಿಕೊಂಡಿತ್ತು. ಹತ್ತು ವರ್ಷದಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗಾಗಬಹುದು ಅನ್ನುವುದು ಅವರ ಅಂದಾಜು. ಇದು ಫ್ಯೂಷನ್ನಿನ ತಪ್ಪೋ ವಯಸ್ಸಿನ ತಪ್ಪೋ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಕೃತಕ ಡಿಸ್ಕ್ ಮಾಡುವವರ ಕೈಗೆ ಒಳ್ಳೆಯ ವಾದವಂತೂ ಸಿಕ್ಕಿತು.

ಹಾಗಂತ ಯೋಚನೆ ಹೊಸದಲ್ಲ. ಸ್ವೀಡನ್ನಿನ ಉಲ್ಫ್ ಫೆರ್ನ್‌ಸ್ಟ್ರಾಮ್ 1960ರ ದಶಕದಲ್ಲೇ ಡಿಸ್ಕ್ ಜಾಗದಲ್ಲಿ ಸ್ಟೀಲಿನ ಗುಂಡು ಇಟ್ಟು ನೋಡಿದ್ದರು. ಗುಂಡು ಮೂಳೆಯೊಳಗೆ ಹುದುಗಿಹೋಗುತ್ತಿತ್ತು, ಹೀಗಾಗಿ ಆ ದಾರಿ ಮುಚ್ಚಿತು. ಆಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರಯಾನ್ ಕಮಿನ್ಸ್ ಎರಡು ತುಂಡಿನ ಸ್ಟೀಲ್ ಕೀಲನ್ನು ರೂಪಿಸಿದರು. ಅದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಅದೇ ಸುಧಾರಿಸುತ್ತಾ ಪ್ರೆಸ್ಟೀಜ್ ಡಿಸ್ಕ್ ಆಯಿತು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ಈ ನಡುವೆ ಸಿಯಾಟಲ್‌ನ ನರಶಸ್ತ್ರವೈದ್ಯ ವಿನ್ಸೆಂಟ್ ಬ್ರಯಾನ್ ಇನ್ನೊಂದು ಬಗೆಯ ಡಿಸ್ಕ್ ಮಾಡಿದ್ದರು, ಅವರ ಹೆಸರಿನಿಂದಲೇ ಅದಕ್ಕೆ ಬ್ರಯಾನ್ ಡಿಸ್ಕ್ ಅನ್ನುತ್ತಾರೆ. ಟೈಟೇನಿಯಂನ ಎರಡು ಚಿಪ್ಪು, ನಡುವೆ ಪಾಲಿಯುರೆಥೇನ್ ತಿರುಳು. ಅದನ್ನು 2000ದಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಯಾನ್ ಗೊಫಿನ್ ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು. ಪ್ರೊಡಿಸ್ಕ್-ಸಿ ಮತ್ತು ಮೊಬಿ-ಸಿ ಕೂಡ ಹೆಸರಾದವು.

ಮೂಳೆ ಎಲ್ಲಿಂದ ಬಂತು?

ಸೊಂಟದ ಕೀಲು ಬದಲಿಸುವ ವೈದ್ಯರಿಗೆ ಈ ಕಾಟ ಹಳೆಯ ಪರಿಚಯ. ಅಲ್ಲಿ ಬೆಳೆಯುವ ಮೂಳೆಗೆ 1973ರಲ್ಲೇ ಗ್ರೇಡ್ ಕೊಡುವ ಪದ್ಧತಿ ಬಂದಿತ್ತು. ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದ ಸೈನಿಕರ ಕೀಲುಗಳ ಸುತ್ತ ಮೂಳೆ ಬೆಳೆಯುವುದನ್ನು ಫ್ರಾನ್ಸಿನ ಅಗಸ್ಟಾ ಡೆಜೆರಿನ್-ಕ್ಲಂಪ್ಕೆ 1918ರಲ್ಲಿ ಬರೆದಿಟ್ಟಿದ್ದರು. ಅಂದರೆ ಇದು ಕೃತಕ ಡಿಸ್ಕ್ ಹುಟ್ಟಿಸಿದ ರೋಗವಲ್ಲ. ಪೆಟ್ಟು ಬಿದ್ದ ಮೆದು ಭಾಗ ಕೆಲವೊಮ್ಮೆ ಮೂಳೆಯಾಗಿ ಮಾಗುತ್ತದೆ. ಆಪರೇಷನ್ ಕೂಡ ದೇಹಕ್ಕೆ ಒಂದು ಪೆಟ್ಟೇ ಅಲ್ವಾ.

ಒಳಗೆ ನಡೆಯುವುದೇನು ಅನ್ನುವ ಸುಳಿವು ಸಿಕ್ಕಿದ್ದು 1965ರಲ್ಲಿ. ಲಾಸ್ ಏಂಜಲೀಸ್‌ನ ಮಾರ್ಷಲ್ ಯೂರಿಸ್ಟ್ ಒಂದು ಸರಳ ಪ್ರಯೋಗ ಮಾಡಿದರು. ಮೂಳೆಯಿಂದ ಸುಣ್ಣದಂಶವನ್ನೆಲ್ಲ ತೆಗೆದು, ಉಳಿದದ್ದನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಸ್ನಾಯುವಿನ ನಡುವೆ ಹೊಸ ಮೂಳೆ ಹುಟ್ಟಿತು! ಇಟ್ಟ ತುಂಡು ಬೆಳೆದದ್ದಲ್ಲ. ಅದರಲ್ಲಿದ್ದ ಯಾವುದೋ ವಸ್ತು ಅಲ್ಲಿನ ಜೀವಕೋಶಗಳಿಗೆ ‘ಮೂಳೆಯಾಗಿ’ ಅನ್ನುವ ಸೂಚನೆ ಕೊಟ್ಟಿತ್ತು. ಆ ವಸ್ತುಗಳ ಗುಂಪನ್ನು ಇವತ್ತು ಬಿಎಂಪಿ ಅನ್ನುತ್ತಾರೆ. ಮೂಳೆ ಮುರಿದಾಗ ಕೂಡಿಕೊಳ್ಳುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಹೀಗಾಗಿ ಮೂರು ಸೇರಿದರೆ ಬೇಡದ ಮೂಳೆಗೆ ದಾರಿಯಾಗುತ್ತದೆ: ಏನಾಗಿ ಬೇಕಾದರೂ ಬದಲಾಗಬಲ್ಲ ಎಳೆಯ ಜೀವಕೋಶಗಳು, ಮೂಳೆಯಾಗು ಎನ್ನುವ ಸೂಚನೆ, ಅದಕ್ಕೆ ಒಗ್ಗುವ ವಾತಾವರಣ. ಆಪರೇಷನ್ನಿನ ನಂತರದ ರಕ್ತ, ಉರಿಯೂತ, ಗಾಯ ಎಲ್ಲ ಸೇರಿ ಆ ವಾತಾವರಣವನ್ನು ಒದಗಿಸುತ್ತವೆ.

ಕತ್ತಿನ ಆಪರೇಷನ್ನಿನಲ್ಲಿ ಈ ಮೂರೂ ಕೈಗೆಟಕುವಷ್ಟು ಹತ್ತಿರ ಇವೆ. ಡಿಸ್ಕ್ ಕೂರಿಸಬೇಕಾದರೆ ಮೇಲಿನ ಮತ್ತು ಕೆಳಗಿನ ಮೂಳೆಯ ಮುಖವನ್ನು ಹದ ಮಾಡಬೇಕು. ಈ ಮುಖಕ್ಕೆ ಎಂಡ್‌ಪ್ಲೇಟ್ ಅನ್ನುತ್ತಾರೆ. ಬ್ರಯಾನ್ ಡಿಸ್ಕಿಗೆ ಅದನ್ನು ಸ್ವಲ್ಪ ಕೊರೆದು ತಗ್ಗು ಮಾಡಬೇಕು. ಪ್ರೊಡಿಸ್ಕ್-ಸಿಗೆ ನಡುವೆ ಒಂದು ಏಣು ಇದೆ, ಅದು ಕೂರಲು ಮೂಳೆಯಲ್ಲಿ ಸೀಳು ಕತ್ತರಿಸಬೇಕು. ಎರಡರಲ್ಲೂ ಮೂಳೆಯ ಪುಡಿ ಉದುರುತ್ತದೆ, ಮಜ್ಜೆಯ ರಕ್ತ ಸೋರುತ್ತದೆ. ಕತ್ತಿನ ಮುಂಭಾಗದಲ್ಲಿ ಮೂಳೆಗೆ ಅಂಟಿಕೊಂಡು ಎರಡು ಉದ್ದ ಸ್ನಾಯುಗಳಿವೆ, ಅವನ್ನು ಪಕ್ಕಕ್ಕೆ ಸರಿಸದೆ ಕೆಲಸ ಆಗುವುದಿಲ್ಲ. ತೊಳೆದು ತೆಗೆಯದೆ ಉಳಿದ ಮೂಳೆಯ ಪುಡಿ, ಕಣದಲ್ಲಿ ಚೆಲ್ಲಿದ ಹೆಸರುಕಾಳಿನ ಹಾಗೆ. ಯಾರೂ ಬಿತ್ತಿದ್ದಲ್ಲ, ಒಂದು ಮಳೆ ಬಿದ್ದರೆ ಮೊಳೆಯುತ್ತದೆ.

ಇದು ಒಂದು ಕಾರಣ. ಎರಡನೆಯದು ಅಳತೆಯದು. ಡಿಸ್ಕಿನ ತಟ್ಟೆ ಮೂಳೆಯ ಮುಖಕ್ಕಿಂತ ಚಿಕ್ಕದಾದರೆ ಅಂಚಿನಲ್ಲಿ ಒಂದಿಷ್ಟು ಮೂಳೆ ತೆರೆದೇ ಉಳಿಯುತ್ತದೆ. ಹೊಸ ಮೂಳೆ ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ. ತಯಾರಕರು ಕೆಲವೇ ಅಳತೆಗಳಲ್ಲಿ ಡಿಸ್ಕ್ ಮಾಡುತ್ತಾರೆ, ಕತ್ತುಗಳು ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಮೂರನೆಯದು ರೋಗಿಯದೇ ದೇಹ. ಗಂಡಸರಲ್ಲಿ ಮತ್ತು ವಯಸ್ಸಾದವರಲ್ಲಿ ಇದು ಜಾಸ್ತಿ ಎಂದು 2005ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ಗುರುತಿಸಿತು. ಆಪರೇಷನ್ನಿಗೆ ಮೊದಲೇ ಸವೆತದಿಂದ ಮೂಳೆಯ ಮುಳ್ಳುಗಳು ಬೆಳೆದಿದ್ದವರಲ್ಲೂ, ಒಂದಕ್ಕಿಂತ ಹೆಚ್ಚು ಡಿಸ್ಕ್ ಹಾಕಿಸಿಕೊಂಡವರಲ್ಲೂ ಸಾಧ್ಯತೆ ಹೆಚ್ಚು. ಇದನ್ನು ನೋಡಿದಾಗ ನನಗೆ ಅನ್ನಿಸುವುದು, ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಎಣಿಸುತ್ತಿದ್ದೇವೆ. ಒಂದು, ಆಪರೇಷನ್ನಿನ ಗಾಯದಿಂದ ಹುಟ್ಟಿದ ಮೂಳೆ. ಇನ್ನೊಂದು, ಆ ಕತ್ತು ಮೊದಲಿನಿಂದ ಮಾಡುತ್ತಲೇ ಬಂದಿದ್ದ ಸವೆತದ ಕೆಲಸದ ಮುಂದುವರಿಕೆ. ಡಿಸ್ಕ್ ಬದಲಿಸಿದ ಮಾತ್ರಕ್ಕೆ ಸವೆಯುವ ಸ್ವಭಾವ ಬದಲಾಗುವುದಿಲ್ಲ. ಅಂದಹಾಗೆ ಫ್ಯೂಷನ್ ಮಾಡಿಸಿಕೊಂಡವರೂ ಇದರಿಂದ ಪೂರ್ತಿ ಪಾರಾಗಿಲ್ಲ. ಪ್ಲೇಟಿನ ತುದಿ ಪಕ್ಕದ ಡಿಸ್ಕಿಗೆ 5 ಮಿಲಿಮೀಟರಿಗಿಂತ ಹತ್ತಿರ ಬಂದರೆ ಆ ಕಡೆ ಮೂಳೆ ಬೆಳೆಯುವುದು ಹೆಚ್ಚು ಎಂದು 2005ರಲ್ಲೇ ಗೊತ್ತಾಗಿದೆ.

ಗ್ರೇಡ್‌ಗಳು, ಶೇಕಡಾಗಳು

ಪಾಲ್ ಮೆಕಾಫೀ ಮತ್ತು ಸಂಗಡಿಗರು 2003ರಲ್ಲಿ ಬೆನ್ನಿನ ಕೆಳಭಾಗದ ಕೃತಕ ಡಿಸ್ಕಿಗೆ ಗ್ರೇಡ್ ಪದ್ಧತಿ ಮಾಡಿದರು. 2006ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಮೆರೆನ್ ತಂಡ ಅದನ್ನು ಕತ್ತಿಗೆ ಹೊಂದಿಸಿತು. ರಿಪೋರ್ಟಿನಲ್ಲಿ ಕಾಣುವುದು ಇದೇ. ಸೊನ್ನೆ ಅಂದರೆ ಏನೂ ಇಲ್ಲ. ಒಂದು ಅಂದರೆ ಮೂಳೆಯ ಮುಂದೆ ಸ್ವಲ್ಪ ಬೆಳೆದಿದೆ, ಡಿಸ್ಕಿನ ಜಾಗಕ್ಕೆ ಬಂದಿಲ್ಲ. ಎರಡು ಅಂದರೆ ಡಿಸ್ಕಿನ ಜಾಗಕ್ಕೆ ಇಣುಕುತ್ತಿದೆ. ಮೂರರಲ್ಲಿ ಮೇಲಿನದೂ ಕೆಳಗಿನದೂ ಕೂಡಿಕೊಂಡಂತಿದೆ, ಆದರೂ ಒಂದಿಷ್ಟು ಚಲನೆ ಉಳಿದಿದೆ. ನಾಲ್ಕು ಅಂದರೆ ಪೂರ್ತಿ ಬೆಸೆದುಕೊಂಡಿದೆ. ಒಂದು, ಎರಡು ಬಂದವರು ಸಾಮಾನ್ಯವಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರು ಮತ್ತು ನಾಲ್ಕನ್ನೇ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಇನ್ನು ಎಷ್ಟು ಜನರಿಗೆ ಬರುತ್ತದೆ? ಇಲ್ಲಿ ಅಂಕಿಗಳು ದಿಕ್ಕು ತಪ್ಪಿಸುತ್ತವೆ, ಸ್ವಲ್ಪ ನಿಧಾನವಾಗಿ ನೋಡಬೇಕು. ಮೇಲೆ ಹೇಳಿದ ಯುರೋಪಿನ ಅಧ್ಯಯನ ಬ್ರಯಾನ್ ಡಿಸ್ಕಿನದು. ಒಂದು ವರ್ಷದ ನಂತರ 90 ರೋಗಿಗಳಲ್ಲಿ 16 ಮಂದಿಗೆ ಮೂಳೆ ಬೆಳೆದಿತ್ತು, ಮೂರು ಅಥವಾ ನಾಲ್ಕನೇ ಗ್ರೇಡ್ ಇದ್ದದ್ದು 6 ಮಂದಿಗೆ. ಮಾರನೇ ವರ್ಷ ಬಂದ ಮೆರೆನ್ ವರದಿ ಬೇರೆಯೇ ಕಥೆ ಹೇಳಿತು. ಅದು ಪ್ರೊಡಿಸ್ಕ್-ಸಿ ಹಾಕಿಸಿಕೊಂಡ 54 ಮಂದಿಯದು, ಒಟ್ಟು 77 ಡಿಸ್ಕುಗಳು. ಒಂದೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಡಿಸ್ಕುಗಳ ಸುತ್ತ ಯಾವುದೋ ಮಟ್ಟದ ಮೂಳೆ ಕಂಡಿತ್ತು, 7 ಡಿಸ್ಕುಗಳು ಪೂರ್ತಿ ಬೆಸೆದುಹೋಗಿದ್ದವು. ದಕ್ಷಿಣ ಕೊರಿಯಾದ ಒಂದು ತಂಡ 2010ರಲ್ಲಿ ಮೂರು ಬಗೆಯ ಡಿಸ್ಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿತು. ಬ್ರಯಾನ್‌ನಲ್ಲಿ ಶೇ 21, ಮೊಬಿ-ಸಿಯಲ್ಲಿ ಶೇ 52ರಷ್ಟು, ಪ್ರೊಡಿಸ್ಕ್-ಸಿಯಲ್ಲಿ ಶೇ 71. ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ಲೆಕ್ಕದಲ್ಲಿ ಒಂದು ವರ್ಷಕ್ಕೆ ಸುಮಾರು ಶೇ 45, ಎರಡು ವರ್ಷಕ್ಕೆ ಸುಮಾರು ಶೇ 58. ಆದರೆ ಮೂರು-ನಾಲ್ಕನೇ ಗ್ರೇಡ್ ಮಾತ್ರ ಎಣಿಸಿದರೆ ಅದು ಶೇ 11 ಮತ್ತು ಶೇ 17ರ ಆಸುಪಾಸಿಗೆ ಇಳಿಯುತ್ತದೆ.

ಒಂದೇ ಪ್ರಶ್ನೆಗೆ ಇಷ್ಟೊಂದು ಉತ್ತರ ಯಾಕೆ? ಡಿಸ್ಕಿನ ವಿನ್ಯಾಸ ಬೇರೆ, ಕೂರಿಸುವ ರೀತಿ ಬೇರೆ, ರೋಗಿಗಳ ವಯಸ್ಸು ಬೇರೆ. ಬರೀ ಎಕ್ಸ್‌ರೇ ನೋಡಿದವರಿಗೆ ಕಾಣದ ಮೂಳೆ ಸಿಟಿ ಸ್ಕ್ಯಾನ್ ಮಾಡಿದವರಿಗೆ ಕಾಣುತ್ತದೆ. ಕಾಲವೂ ಒಂದು ಕಾರಣ, ವರ್ಷ ಕಳೆದಂತೆ ಈ ಸಂಖ್ಯೆ ಏರುತ್ತದೆ. ಚೆಕ್ ದೇಶದ ಒಂದು ತಂಡ ಪ್ರೊಡಿಸ್ಕ್-ಸಿ ರೋಗಿಗಳನ್ನು ನಾಲ್ಕು ವರ್ಷ ನೋಡಿದಾಗ ಸುಮಾರು ಶೇ 18 ಡಿಸ್ಕುಗಳು ಪೂರ್ತಿ ಬೆಸೆದಿದ್ದವು. ಹಾಗಾಗಿ ‘ಎರಡು ವರ್ಷದಲ್ಲಿ ಚಲನೆ ಚೆನ್ನಾಗಿ ಉಳಿದಿದೆ’ ಅನ್ನುವ ಮಾತನ್ನು ‘ಜೀವನ ಪೂರ್ತಿ ಉಳಿಯುತ್ತದೆ’ ಅಂತ ಕೇಳಿಸಿಕೊಳ್ಳಬಾರದು. ಬ್ರೋಷರ್‌ನಲ್ಲಿ ಡಿಸ್ಕ್ ಬಾಗುವ ಚಿತ್ರ ದೊಡ್ಡದಾಗಿರುತ್ತದೆ, ಈ ಮಾತು ಎಲ್ಲೋ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದು ನನಗೆ ಹಿಡಿಸದ ವಿಷಯ.

ಬೆಳೆದರೆ ಏನಾಗುತ್ತದೆ?

ವಿಚಿತ್ರ ಇರುವುದು ಇಲ್ಲಿ. ಮೂಳೆ ಬೆಳೆದವರನ್ನೂ ಬೆಳೆಯದವರನ್ನೂ ಹೋಲಿಸಿದ ಹೆಚ್ಚಿನ ಅಧ್ಯಯನಗಳಲ್ಲಿ ನೋವಿನ ಅಂಕ, ದಿನನಿತ್ಯದ ಕೆಲಸದ ಅಂಕ ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಡಿಸ್ಕ್ ಬೆಸೆದುಕೊಂಡಿದ್ದರೂ ರೋಗಿ ಆರಾಮಾಗಿರುತ್ತಾರೆ. ಎಷ್ಟೋ ಜನರಿಗೆ ಅದು ಗೊತ್ತಾಗುವುದೇ ಎಕ್ಸ್‌ರೇ ತೆಗೆಸಿದಾಗ.

ಯಾಕೆ ಅಂತ ಯೋಚಿಸಿದರೆ ಅಷ್ಟೇನೂ ವಿಚಿತ್ರವಲ್ಲ. ತೋಳಿನ ನೋವು ಹೋದದ್ದು ನರದ ಮೇಲಿನ ಒತ್ತಡ ತೆಗೆದದ್ದರಿಂದ. ಆ ಕೆಲಸ ಆಪರೇಷನ್ ದಿನವೇ ಮುಗಿದಿದೆ. ಆಮೇಲೆ ಆ ಜಾಗ ಅಲುಗಿದರೂ ಅಲುಗದಿದ್ದರೂ ನರಕ್ಕೆ ಸಿಕ್ಕ ಬಿಡುವು ಹೋಗುವುದಿಲ್ಲ. ಇನ್ನೊಂದು, ಕತ್ತು ತಿರುಗಿಸುವ ಕೆಲಸದ ಸುಮಾರು ಅರ್ಧ ನಡೆಯುವುದು ತೀರಾ ಮೇಲೆ, ಸಿ1 ಮತ್ತು ಸಿ2ರ ನಡುವೆ. ಕೆಳಗೆ ಸಿ5-ಸಿ6ರಲ್ಲಿ ಒಂದು ಕೀಲು ನಿಂತರೆ ಉಳಿದವು ಹೊಂದಿಸಿಕೊಳ್ಳುತ್ತವೆ. ಸ್ಕೂಟರ್ ಓಡಿಸುವಾಗ ಹಿಂದೆ ತಿರುಗಿ ನೋಡುವುದಕ್ಕೆ ಹೆಚ್ಚಿನವರಿಗೆ ತೊಂದರೆ ಕಾಣುವುದಿಲ್ಲ. ಎರಡು ಮೂರು ಕಡೆ ನಿಂತರೆ ಬಿಗಿತ ಗೊತ್ತಾಗುತ್ತದೆ.

ಹಾಗಾದರೆ ನಷ್ಟವೇ ಇಲ್ವಾ? ಇದೆ. ಬೆಸೆದುಕೊಂಡ ಕೃತಕ ಡಿಸ್ಕ್ ಅಂದರೆ ನಿಧಾನವಾಗಿ ಆದ ಫ್ಯೂಷನ್ ಅಷ್ಟೇ. ಪಕ್ಕದ ಡಿಸ್ಕ್ ಉಳಿಯಲಿ ಅನ್ನುವ ಆಸೆ ಅಲ್ಲಿಗೆ ಕೈತಪ್ಪಿತು. ರೋಗಿ ಫ್ಯೂಷನ್ ಮಾಡಿಸಿಕೊಂಡಿದ್ದರೆ ಇರುತ್ತಿದ್ದ ಜಾಗದಲ್ಲೇ ಇದ್ದಾರೆ, ಅದಕ್ಕಿಂತ ಕೆಳಗೆ ಹೋಗಿಲ್ಲ. ಅಂದರೆ ಆಪರೇಷನ್ ಸೋತಿಲ್ಲ, ಆಪರೇಷನ್ನಿನ ಮೇಲೆ ಕೊಟ್ಟ ಹೆಚ್ಚುವರಿ ಭರವಸೆ ಸೋತಿದೆ. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಎಲ್ಲ ರೋಗಿಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಕೃತಕ ಡಿಸ್ಕ್ ಸೋತಿದೆ ಅಂತಲೂ ಹೇಳುವ ಹಾಗಿಲ್ಲ. ಅಮೆರಿಕದಲ್ಲಿ ನಡೆದ ಮೊಬಿ-ಸಿ ಪ್ರಯೋಗದಲ್ಲಿ ಎರಡು ಕಡೆ ಡಿಸ್ಕ್ ಹಾಕಿಸಿಕೊಂಡವರಿಗೆ ಎರಡು ಕಡೆ ಫ್ಯೂಷನ್ ಆದವರಿಗಿಂತ ಮರು ಆಪರೇಷನ್ ಕಡಿಮೆ ಬೇಕಾಯಿತು. ಅವರಲ್ಲೂ ಕೆಲವರಿಗೆ ಮೂಳೆ ಬೆಳೆದಿತ್ತು. ಆ ಪ್ರಯೋಗಕ್ಕೆ ದುಡ್ಡು ಹಾಕಿದ್ದು ತಯಾರಕರೇ ಅನ್ನುವುದನ್ನೂ ನೆನಪಿಡಬೇಕು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಓದುವಾಗ ಒಂದು ಕಣ್ಣು ತೆರೆದಿರಬೇಕು ಅಷ್ಟೇ.

ಈಗ ನಿಜವಾಗಿ ಎಚ್ಚರ ಬೇಕಾದ ಸಂದರ್ಭ. ಮೂಳೆ ಎಷ್ಟು ಬೆಳೆದಿದೆ ಅನ್ನುವುದಕ್ಕಿಂತ ಯಾವ ಕಡೆ ಬೆಳೆದಿದೆ ಅನ್ನುವುದು ಮುಖ್ಯ. ಮುಂಭಾಗದಲ್ಲಿ ಬೆಳೆದದ್ದು ಹೆಚ್ಚಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ತೀರಾ ದೊಡ್ಡದಾದರೆ ಎದುರಿಗಿರುವ ಅನ್ನನಾಳಕ್ಕೆ ತಾಗಿ ನುಂಗಲು ಕಷ್ಟವಾಗಬಹುದು, ಅದು ಅಪರೂಪ. ಹಿಂಭಾಗಕ್ಕೆ ಅಥವಾ ಪಕ್ಕಕ್ಕೆ, ನರ ಹೊರಬರುವ ಕಿಂಡಿಯ ಕಡೆ ಬೆಳೆದರೆ ಹಳೆಯ ತೋಳು ನೋವು ವಾಪಸ್ ಬರಬಹುದು. ಬೆನ್ನುಹುರಿಯ ಕಡೆ ಬೆಳೆದು ಒತ್ತಿದರೆ ವಿಷಯ ಗಂಭೀರ. ಗ್ರೇಡ್ ಪದ್ಧತಿ ಇದನ್ನು ಸರಿಯಾಗಿ ಹೇಳುವುದಿಲ್ಲ ಅನ್ನುವುದು ಅದರ ದೊಡ್ಡ ಕೊರತೆ. ಮುಂದೆ ಬೆಳೆದು ಪೂರ್ತಿ ಬೆಸೆದ ನಾಲ್ಕನೇ ಗ್ರೇಡ್‌ನವರು ಆರಾಮಾಗಿರಬಹುದು, ಕಿಂಡಿಯಲ್ಲಿ ಒಂದು ಸಣ್ಣ ಮುಳ್ಳು ಇರುವ ಎರಡನೇ ಗ್ರೇಡ್‌ನವರು ರಾತ್ರಿಯೆಲ್ಲ ಒದ್ದಾಡಬಹುದು.

ಹಾಗಾಗಿ ಹೊಸದಾಗಿ ತೋಳಿಗೆ ಇಳಿಯುವ ನೋವು, ಜೋಮು, ಕೈಯಿಂದ ವಸ್ತು ಜಾರುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಸಡಿಲವಾಗುವುದು, ಇವುಗಳಲ್ಲಿ ಯಾವುದು ಬಂದರೂ ಮುಂದಿನ ಚೆಕಪ್ ದಿನಾಂಕಕ್ಕೆ ಕಾಯಬಾರದು.

ಪತ್ತೆ ಮಾಡಲು ಮೊದಲು ಬೇಕಾದದ್ದು ಪಕ್ಕದಿಂದ ತೆಗೆದ ಎಕ್ಸ್‌ರೇ. ಒಂದು ಕತ್ತು ಮುಂದಕ್ಕೆ ಬಗ್ಗಿಸಿ, ಇನ್ನೊಂದು ಹಿಂದಕ್ಕೆ ಬಾಗಿಸಿ. ಎರಡರಲ್ಲೂ ಆ ಜಾಗದ ಕೋನ ಅಳೆದು ವ್ಯತ್ಯಾಸ ನೋಡುತ್ತಾರೆ. ಎರಡು ಡಿಗ್ರಿಗಿಂತ ಕಡಿಮೆ ಇದ್ದರೆ ಚಲನೆ ನಿಂತಂತೆ ಎಂದು ಹಲವರು ಲೆಕ್ಕ ಹಿಡಿಯುತ್ತಾರೆ. ನೋವಿಗೆ ಹೆದರಿ ಪೂರ್ತಿ ಬಗ್ಗಿಸದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ನಿಂತಂತೆ ಕಾಣುತ್ತದೆ. ಎಕ್ಸ್‌ರೇ ತೆಗೆಯುವವರು ‘ಇನ್ನೂ ಬಗ್ಗಿ’ ಅಂದಾಗ ಆದಷ್ಟು ಬಗ್ಗಬೇಕು. ಮೂಳೆ ಯಾವ ಕಡೆ ಇದೆ ಅಂತ ಖಚಿತವಾಗಿ ತಿಳಿಯಲು ಸಿಟಿ ಸ್ಕ್ಯಾನ್ ಬೇಕು. ನರದ ಸ್ಥಿತಿಗೆ ಎಂಆರ್‌ಐ. ಆದರೆ ಕೋಬಾಲ್ಟ್ ಕ್ರೋಮ್ ಇರುವ ಡಿಸ್ಕಿನ ಸುತ್ತ ಎಂಆರ್‌ಐ ಚಿತ್ರ ಕಲಸಿಹೋಗುತ್ತದೆ, ಟೈಟೇನಿಯಂನಲ್ಲಿ ಅಷ್ಟು ತೊಂದರೆ ಇಲ್ಲ. ಮೊದಲ ಡಿಸ್ಕ್ ಆರಿಸುವಾಗ ಇದನ್ನೂ ಕೇಳಿಕೊಳ್ಳಬಹುದು.

ತಡೆಯಲು ಆಗುತ್ತಾ?

ಪೂರ್ತಿ ಆಗುವುದಿಲ್ಲ, ಕಡಿಮೆ ಮಾಡಬಹುದು. ಹೆಚ್ಚಿನ ಕೆಲಸ ಇರುವುದು ಆಪರೇಷನ್ ಥಿಯೇಟರಿನಲ್ಲಿ. ಮೂಳೆಯ ಪುಡಿಯನ್ನು ಸಲೈನ್‌ನಿಂದ ಮತ್ತೆ ಮತ್ತೆ ತೊಳೆಯುವುದು, ಎಂಡ್‌ಪ್ಲೇಟನ್ನು ಬೇಕಾದ್ದಕ್ಕಿಂತ ಹೆಚ್ಚು ಕೆರೆಯದಿರುವುದು, ಸ್ನಾಯುಗಳಿಗೆ ಜಾಸ್ತಿ ಗಾಯ ಮಾಡದಿರುವುದು, ರಕ್ತ ಸೋರುವ ಮೂಳೆ ಅಂಚಿಗೆ ಬೋನ್ ವ್ಯಾಕ್ಸ್ ಎಂಬ ಮೇಣ ಹಚ್ಚುವುದು, ಮೂಳೆಯ ಮುಖವನ್ನು ಆದಷ್ಟು ಮುಚ್ಚುವ ಅಳತೆಯ ಡಿಸ್ಕ್ ಆರಿಸುವುದು. ಇವು ಕೇಳಲು ಸಣ್ಣ ಮಾತು. ಆದರೆ ಕೈ ಪಳಗಿದ ಸರ್ಜನ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇದೇ.

ಅದಕ್ಕೂ ಮೊದಲಿನ ತಡೆ ಅಂದರೆ ಸರಿಯಾದ ರೋಗಿಯನ್ನು ಆರಿಸುವುದು. ಆಪರೇಷನ್ನಿಗೆ ಮುಂಚೆಯೇ ಆ ಜಾಗ ಹೆಚ್ಚುಕಮ್ಮಿ ಅಲುಗುತ್ತಿಲ್ಲ, ಡಿಸ್ಕಿನ ಎತ್ತರ ಪೂರ್ತಿ ಕುಸಿದಿದೆ, ಹಿಂದಿನ ಸಣ್ಣ ಕೀಲುಗಳೂ ಸವೆದಿವೆ ಅಂದರೆ ಅಲ್ಲಿ ಕೃತಕ ಡಿಸ್ಕ್ ಹಾಕಿ ಚಲನೆ ವಾಪಸ್ ತರುವ ಆಸೆ ಕಡಿಮೆ. ಬೆನ್ನುಹುರಿಯ ಮುಂದಿನ ತಂತು ಗಟ್ಟಿಯಾಗಿ ಮೂಳೆಯಾಗುವ ಒಪಿಎಲ್‌ಎಲ್ ಎಂಬ ರೋಗವಿದೆ. ಬೆನ್ನುಮೂಳೆಯ ಉದ್ದಕ್ಕೂ ಮೂಳೆ ಹೆಚ್ಚು ಬೆಳೆಯುವ ಡಿಶ್ ಎಂಬ ಇನ್ನೊಂದು ರೋಗವಿದೆ. ಈ ಎರಡು ಇದ್ದವರ ದೇಹ ಮೊದಲೇ ಮೂಳೆ ಮಾಡುವ ಹುರುಪಿನಲ್ಲಿರುತ್ತದೆ. ಅವರಿಗೆ ಸಾಮಾನ್ಯವಾಗಿ ಕೃತಕ ಡಿಸ್ಕ್ ಬೇಡ ಅನ್ನುತ್ತಾರೆ. ಇಂಥವರಿಗೆ ಫ್ಯೂಷನ್ ಸೂಚಿಸಿದ ವೈದ್ಯರು ಹಳೇ ಕಾಲದವರು ಅಂತ ತಿಳಿಯಬಾರದು.

ಮಾತ್ರೆಗಳ ವಿಷಯ. ಸೊಂಟದ ಕೀಲಿನ ಆಪರೇಷನ್ ನಂತರ ಇಂಡೊಮೆಥಾಸಿನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟರೆ ಬೇಡದ ಮೂಳೆ ಕಡಿಮೆಯಾಗುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಅವು ತಡೆಯುತ್ತವೆ, ಮೂಳೆ ಹುಟ್ಟುವ ಹಾದಿಯಲ್ಲಿ ಅದು ಬೇಕು. ಅದೇ ತರ್ಕದಲ್ಲಿ ಕತ್ತಿನ ಡಿಸ್ಕ್ ಹಾಕಿದ ಮೇಲೂ ಕೆಲವು ವೈದ್ಯರು ಒಂದೆರಡು ವಾರ ಇಂಥ ಮಾತ್ರೆ ಕೊಡುತ್ತಾರೆ. ಕತ್ತಿನಲ್ಲಿ ಇದರ ಲಾಭಕ್ಕೆ ಸಿಕ್ಕಿರುವ ಪುರಾವೆ ಮಾತ್ರ ತೆಳುವಾಗಿದೆ. ಕೊಟ್ಟರೆ ತಪ್ಪಲ್ಲ, ಕೊಡದಿದ್ದರೂ ತಪ್ಪಲ್ಲ. ತಪ್ಪಾಗುವುದು ಮೆಡಿಕಲ್ ಶಾಪಿಗೆ ಹೋಗಿ ನಾವೇ ತಂದು ತಿಂಗಳುಗಟ್ಟಲೆ ನುಂಗಿದಾಗ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವ, ಇವೆಲ್ಲ ಅದರ ಬೆಲೆ. ಅದೂ ಮೂಳೆ ಆಗಲೇ ಬೆಳೆದು ಗಟ್ಟಿಯಾದ ಮೇಲೆ ಈ ಮಾತ್ರೆಗಳು ಅದನ್ನು ಕರಗಿಸುವುದಿಲ್ಲ. ಸೊಂಟದಲ್ಲಿ ಒಂದು ಸಲ ರೇಡಿಯೇಶನ್ ಕೊಡುವ ಪದ್ಧತಿಯೂ ಇದೆ. ಗಂಟಲು, ಥೈರಾಯ್ಡ್, ಬೆನ್ನುಹುರಿ ಪಕ್ಕದಲ್ಲೇ ಇರುವ ಕತ್ತಿನಲ್ಲಿ ಅದನ್ನು ಮಾಮೂಲಾಗಿ ಬಳಸುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ಮೂಳೆ ಬೆಳೆದಿದೆ ಅಂದ ಕೂಡಲೇ ಹಾಲು, ಮೊಸರು, ರಾಗಿ ಮುದ್ದೆ ಬಿಡುವವರಿದ್ದಾರೆ. ಇದು ಕ್ಯಾಲ್ಸಿಯಂ ಜಾಸ್ತಿಯಾಗಿ ಬಂದದ್ದಲ್ಲ, ಆ ಜಾಗದ ಜೀವಕೋಶಗಳಿಗೆ ಸಿಕ್ಕ ಸೂಚನೆಯಿಂದ ಬಂದದ್ದು. ಮುದ್ದೆ ಬಿಟ್ಟರೆ ಕತ್ತಿನ ಮೂಳೆ ನಿಲ್ಲುವುದಿಲ್ಲ, ಉಳಿದ ಮೂಳೆಗಳಿಗೆ ನಷ್ಟ. ಇನ್ನು ಕತ್ತು ಬಿಗಿಯಾಯಿತು ಅಂತ ಕಟಿಂಗ್ ಶಾಪಿನಲ್ಲಿ ‘ಲಟಕ್’ ಅನ್ನಿಸಿಕೊಳ್ಳುವ ಅಭ್ಯಾಸ. ಕೃತಕ ಡಿಸ್ಕ್ ಇರುವವರು ಅದರ ಹತ್ತಿರವೂ ಸುಳಿಯಬಾರದು. ಬೆಸೆದ ಮೂಳೆಯನ್ನು ತಿರುಚಿ ಬಿಡಿಸಲು ಯಾರಿಂದಲೂ ಆಗುವುದಿಲ್ಲ, ಮುರಿಯಲು ಮಾತ್ರ ಆದೀತು. ಫಿಸಿಯೊಥೆರಪಿಯ ನಿಧಾನ ವ್ಯಾಯಾಮ ಬೇರೆ ಮಾತು. ಅದು ಉಳಿದ ಕೀಲುಗಳನ್ನು, ಸ್ನಾಯುಗಳನ್ನು ಹದವಾಗಿಡುತ್ತದೆ.

ಬೆಳೆದ ಮೂಳೆಗೆ ಚಿಕಿತ್ಸೆ ಏನು ಅಂದರೆ, ತೊಂದರೆ ಇಲ್ಲದವರಿಗೆ ಏನೂ ಬೇಡ. ಚಲನೆ ವಾಪಸ್ ತರಲೆಂದೇ ಮೂಳೆ ಕೆತ್ತಿ ತೆಗೆಯುವುದು ಅಪರೂಪ. ಕೆತ್ತಿದ ಜಾಗ ಇನ್ನೊಂದು ಗಾಯ, ಅಲ್ಲಿ ಮತ್ತೆ ಮೂಳೆ ಬೆಳೆಯಬಹುದು. ನರ ಒತ್ತಿಹೋಗಿದ್ದರೆ ಕತ್ತಿನ ಹಿಂಭಾಗದಿಂದ ಹೋಗಿ ನರದ ಕಿಂಡಿಯನ್ನು ಅಗಲ ಮಾಡುವ ಆಪರೇಷನ್ ಇದೆ, ಅದಕ್ಕೆ ಡಿಸ್ಕ್ ಮುಟ್ಟಬೇಕಾಗಿಲ್ಲ. ಬೆನ್ನುಹುರಿಗೆ ಒತ್ತಡ ಇದ್ದರೆ, ಅಥವಾ ಡಿಸ್ಕ್ ಸಡಿಲವಾಗಿ ಜಾಗ ತಪ್ಪಿದ್ದರೆ, ಅದನ್ನು ತೆಗೆದು ಫ್ಯೂಷನ್ ಮಾಡಬೇಕಾಗಬಹುದು. ಎರಡನೇ ಸಲ ಮುಂಭಾಗದಿಂದ ಹೋಗುವಾಗ ಹಳೆಯ ಗಾಯದ ಅಂಟು ಇರುತ್ತದೆ. ಅನ್ನನಾಳಕ್ಕೂ ಧ್ವನಿಯ ನರಕ್ಕೂ ಮೊದಲಿಗಿಂತ ಅಪಾಯ ಹೆಚ್ಚು. ಇಂಥ ಆಪರೇಷನ್ ಹೇಳಿದಾಗ ಇನ್ನೊಬ್ಬ ಸರ್ಜನ್ ಹತ್ತಿರ ಅಭಿಪ್ರಾಯ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಇನ್ನೂ ಆಪರೇಷನ್ ಮಾಡಿಸಿಕೊಳ್ಳದೆ ಯೋಚಿಸುತ್ತಿರುವವರು ಸರ್ಜನ್‌ಗೆ ಕೇಳಬಹುದಾದ ಪ್ರಶ್ನೆಗಳು ಕೆಲವೇ. ನನ್ನ ಆ ಡಿಸ್ಕಿನಲ್ಲಿ ಈಗ ಎಷ್ಟು ಚಲನೆ ಉಳಿದಿದೆ? ನನ್ನ ಸಿಟಿಯಲ್ಲಿ ಮೊದಲೇ ಮೂಳೆಯ ಮುಳ್ಳುಗಳಿವೆಯಾ? ಡಿಸ್ಕ್ ಬೆಸೆದುಕೊಂಡರೂ ನನ್ನ ಕೈ ನೋವು ಕಡಿಮೆಯಾಗಿಯೇ ಇರುತ್ತದಾ? ಫ್ಯೂಷನ್ ಮಾಡಿದರೆ ನನಗೆ ಆಗುವ ನಷ್ಟ ಏನು? ನಾಲ್ಕನೆಯದಕ್ಕೆ ‘ಅಷ್ಟೇನೂ ಇಲ್ಲ’ ಅನ್ನುವ ಉತ್ತರ ಬಂದರೆ ಖರ್ಚನ್ನು ಇನ್ನೊಮ್ಮೆ ಲೆಕ್ಕ ಹಾಕಿ.

ಈಗಾಗಲೇ ಹಾಕಿಸಿಕೊಂಡವರು ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಿಸ್ಕಿನ ಹೆಸರು, ಅಳತೆ, ಯಾವ ಮೂಳೆಗಳ ನಡುವೆ ಹಾಕಿದ್ದಾರೆ ಅನ್ನುವುದು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ, ಎಂಆರ್‌ಐ ಮಾಡುವವರು ಮೊದಲು ಕೇಳುವುದು ಅದನ್ನೇ. ಆಪರೇಷನ್ ಆದ ಕೂಡಲೇ ತೆಗೆದ ಎಕ್ಸ್‌ರೇಯನ್ನು ಕಳೆಯಬೇಡಿ, ಮೊಬೈಲ್ ಫೋಟೊ ಸಾಲುವುದಿಲ್ಲ, ಸಿಡಿ ಅಥವಾ ಮೂಲ ಫಿಲಂ ಇಟ್ಟುಕೊಳ್ಳಿ. ಆರಾಮಾಗಿದ್ದೀನಿ ಅಂತ ಒಂದು ವರ್ಷದ, ಎರಡು ವರ್ಷದ ಚೆಕಪ್ ತಪ್ಪಿಸಬೇಡಿ. ಐದನೇ ವರ್ಷ ಕಂಡ ಮೂಳೆ ಹೊಸದಾ ಹಳೇದಾ, ಬೆಳೆಯುತ್ತಿದೆಯಾ ನಿಂತಿದೆಯಾ ಅಂತ ವೈದ್ಯರು ಹೇಳಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಅವೇ ಬೇಕು.